ಎಷ್ಟು ಮಂದಿ ಉಂಡ್ರು?

ನಾವು ವಿಮಾನ ಹತ್ತಿ ಗುಳೆ ಹೋದವರು. ಈ ಮಾತು ನನ್ನದಲ್ಲ, ನನ್ನ ಅಪ್ಪನದು. ಮಳೆ ಕೈಕೊಟ್ಟ ಎರಡನೇ ವರ್ಷ ಔರಾದ ಬಸ್‌ಸ್ಟ್ಯಾಂಡಿಗೆ ನನ್ನನ್ನು ಬಿಡಲು ಬಂದಾಗ ಹೇಳಿದ್ದ. ಅಲ್ಲಿ ತಾಂಡಾದ ಮಂದಿ ಹಾಸಿಗೆ, ಪಾತ್ರೆ, ಒಂದೆರಡು ಕೋಳಿ ಕಟ್ಟಿಕೊಂಡು ಹೈದರಾಬಾದ್ ಬಸ್ಸಿಗೆ ಕಾದು ಕೂತಿದ್ದರು. ನನ್ನ ಕೈಯಲ್ಲಿ ಹೊಸ ಸೂಟ್‌ಕೇಸು. ಅಪ್ಪ ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಏನ್ ಫರಕ್ ಅದವಾ? ಅವರದು ಗಂಟು, ನಿಂದು ಪೆಟ್ಟಿಗಿ" ಎಂದ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಲು ಬೇಗ ಬರುತ್ತದೆ. ಈ ಬರಹದಲ್ಲೂ ಅಲ್ಲಲ್ಲಿ ಬಂದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ತವರು ಔರಾದ ತಾಲೂಕಿನ ಚಿಂತಾಕಿ, ಗಂಡನ ಮನೆ ಭಾಲ್ಕಿ. ಮದುವೆಯಾಗಿ ಎರಡು ವರ್ಷ ಬೀದರಿನ ಮೈಲೂರಿನಲ್ಲಿ ಬಾಡಿಗೆಗೆ ಇದ್ದೆವು. ನಾನು ಖಾಸಗಿ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡ ಏ.ಸಿ. ರಿಪೇರಿ ಕೆಲಸದವರು. ಬರದ ವರ್ಷ ಬೀದರಿನಲ್ಲಿ ಹೊಸ ಏ.ಸಿ. ಕೊಳ್ಳುವವರು ಯಾರು? ಅವರು ಮೊದಲು ಶಾರ್ಜಾಕ್ಕೆ ಹೋದರು, ವರ್ಷದ ಮೇಲೆ ನನ್ನನ್ನು ಕರೆಸಿಕೊಂಡರು.

ಐದನೇ ಮಹಡಿ. ಒಂದು ಮಲಗುವ ಕೋಣೆ, ಒಂದು ಪಡಸಾಲೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದ ಅಡಿಗೆಮನೆ. ನಲ್ಲಿ ತಿರುವಿದರೆ ನೀರು, ಎಷ್ಟು ಹೊತ್ತಿಗೆ ತಿರುವಿದರೂ ನೀರು. ಮೊದಲ ವಾರ ನಾನು ಆ ನಲ್ಲಿಯನ್ನು ನಂಬಲೇ ಇಲ್ಲ. ಆಮೇಲೆ ನಂಬಿದೆ, ಚಿಂತಾಕಿಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ಅವ್ವನ ನೆನಪಾಗಿ ನಾಚಿಕೆಪಟ್ಟೆ, ಆಮೇಲೆ ಅದನ್ನೂ ಮರೆತೆ. ಮನುಷ್ಯ ಸುಖಕ್ಕೆ ಹೊಂದಿಕೊಳ್ಳುವಷ್ಟು ಬೇಗ ಬೇರೆ ಯಾವುದಕ್ಕೂ ಹೊಂದಿಕೊಳ್ಳುವುದಿಲ್ಲ.

ಆದರೆ ಆ ಬಾಗಿಲಿಗೆ ನಾನು ಹೊಂದಿಕೊಳ್ಳಲಿಲ್ಲ. "ತೆರದಿಡಬ್ಯಾಡ, ಏ.ಸಿ. ಗಾಳಿ ಹೊರಗ ಹೋಗ್ತದ" ಎಂದು ನಾನು ಬಂದ ದಿನವೇ ಗಂಡ ಹೇಳಿದರು. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿದ್ದರೆ ಒಳಗೆ ಜಗಳವಾಗಿದೆ, ಇಲ್ಲವೇ ಯಾರಿಗೋ ಮೈ ಸರಿಯಿಲ್ಲ ಎಂದು ಅರ್ಥ. ಇಲ್ಲಿ ಒಂದು ಮಹಡಿಗೆ ಆರು ಬಾಗಿಲು, ಆರೂ ಹಾಕಿದ್ದವು. ಬಾಗಿಲಿನ ಗಾಜಿನ ಕಿಂಡಿಗೆ ಕಣ್ಣಿಟ್ಟು ನಾನು ನೆರೆಯವರ ಪರಿಚಯ ಮಾಡಿಕೊಂಡೆ. ಆ ಕಿಂಡಿಯಲ್ಲಿ ನೋಡಿದರೆ ಎಲ್ಲರ ಮೂಗೂ ಬದನೆಕಾಯಿ. ಎದುರು ಮನೆಯಲ್ಲಿ ಫಿಲಿಪ್ಪೀನ್ಸಿನ ಇಬ್ಬರು ನರ್ಸುಗಳು, ಪಕ್ಕದಲ್ಲಿ ಕೇರಳದ ವಯಸ್ಸಾದ ಗಂಡಹೆಂಡತಿ. ಉಳಿದ ಮೂರು ಬಾಗಿಲ ಹಿಂದೆ ಯಾರಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಹೀಗಿರುವಾಗ ಎಳ್ಳಮಾವಾಸ್ಯೆ ಬಂತು.

ಅವತ್ತು ನಮ್ಮ ಕಡೆ ಊರಿಗೆ ಊರೇ ಖಾಲಿ. ಬೀದರ, ಭಾಲ್ಕಿ, ಔರಾದ ಎಲ್ಲೆಡೆ ಮಂದಿ ಹೊಲದಲ್ಲಿರುತ್ತಾರೆ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಮೆಂತೆ ಸೊಪ್ಪು, ಬದನೆ, ಗಜ್ಜರಿ ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಭಜ್ಜಿಯಾಗಬೇಕು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹುಳಿ ಬಂದ ಅಂಬಲಿ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಂಡವರಿಗೆ ನಾನು ಏನೂ ಹೇಳುವುದಿಲ್ಲ, ಅವರು ಉಂಡಿಲ್ಲ ಅಷ್ಟೇ.

ನನ್ನ ಅಜ್ಜನಿಗೆ ಸ್ವಂತ ಹೊಲ ಇರಲಿಲ್ಲ. ಅವನು ದುಡಿಯುತ್ತಿದ್ದ ಹೊಲದವರು ಅವತ್ತು ಅವನನ್ನೂ ಕರೆಯುತ್ತಿದ್ದರು. ಎಲ್ಲರೂ ಉಂಡೆದ್ದ ಮೇಲೆ, ಬದುವಿನ ಆಚೆ ನಿಲ್ಲಿಸಿ, ಧೋತರದ ಸೆರಗಿಗೆ ಮೇಲಿನಿಂದ ರೊಟ್ಟಿ ಹಾಕಿ ಕಳಿಸುತ್ತಿದ್ದರು. ಅಪ್ಪ ಓದಿ ಮಾಸ್ತರನಾದ, ಬೌದ್ಧನಾದ, ದೇವರಿಗೆ ಕೈಮುಗಿಯುವುದನ್ನು ಬಿಟ್ಟ. ಎಳ್ಳಮಾವಾಸ್ಯೆಯನ್ನು ಮಾತ್ರ ಬಿಡಲಿಲ್ಲ. "ಇದು ದೇವರದಲ್ಲ, ಹೊಲದ್ದು" ಎನ್ನುತ್ತಿದ್ದ. ನಾಲ್ಕೆಕರೆ ಕೊಂಡ ವರ್ಷವೇ ಮೂರು ಕಾನೂನು ಮಾಡಿದ. ನಮ್ಮ ಹೊಲದಲ್ಲಿ ಉಣ್ಣುವವರೆಲ್ಲ ಒಂದೇ ಸಾಲಿನಲ್ಲಿ ಕೂರಬೇಕು. ಯಾರಿಗೂ ಕಟ್ಟಿ ಕೊಡುವಂತಿಲ್ಲ. ಹೆಸರು ಹಿಡಿದು ಆಮಂತ್ರಣವೂ ಇಲ್ಲ. ಬದುವಿನ ಮೇಲೆ ನಿಂತು ದಾರಿಹೋಕರನ್ನು "ಬರ್ರಿ, ಉಂಡ ಹೋಗ್ರಿ" ಎಂದು ಕೂಗುವುದು. "ಕರದ್ರ ಮುಲಾಜಿಗೆ ಬರ್ತಾರ, ಕೂಗಿದ್ರ ಮನಸಿದ್ದವರು ಬರ್ತಾರ" ಎಂದು ಅವನ ಲೆಕ್ಕಾಚಾರ.

ಮೊದಲ ವರ್ಷ ನಾಲ್ವರು ಬಂದಿದ್ದರಂತೆ, ಅಪ್ಪನ ಸಾಲೆಯ ಉರ್ದು ಮಾಸ್ತರು ಮತ್ತು ಅವರ ಮೂರು ಮಕ್ಕಳು. ಊರಿನ ಬೇರೆಯವರು ದಾರಿ ಬದಲಿಸಿ ಹೋದರು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ನಲವತ್ತೊಂದಾಗಿತ್ತು. ಸಂಜೆ ಪಾತ್ರೆ ತೊಳೆಯುವಾಗ ಅಪ್ಪ ಮನೆಯವರನ್ನು ಬಿಟ್ಟು ಉಂಡವರನ್ನು ಬೆರಳಲ್ಲಿ ಎಣಿಸುತ್ತಿದ್ದ. ನನ್ನ ಮದುವೆಯಾದ ಮೇಲೆ ಅವತ್ತು ಸಂಜೆ ತಪ್ಪದೆ ಫೋನು. ಆರೋಗ್ಯ ಕೇಳುವುದಿಲ್ಲ, ಪಗಾರ ಕೇಳುವುದಿಲ್ಲ. "ನಿಮ್ಮ ಮನ್ಯಾಗ ಎಷ್ಟ್ ಮಂದಿ ಉಂಡ್ರವಾ?"

ಶಾರ್ಜಾದ ಮೊದಲ ವರ್ಷ ನಾನು ಅಪ್ಪನ ಕಾನೂನು ಮುರಿದೆ. ಹೆಸರು ಹಿಡಿದು ಕರೆದೆ. ಎರಡನೇ ಮಹಡಿಯಲ್ಲಿ ಬೆಂಗಳೂರಿನ ಆಚೆಯ ಕನ್ನಡದವರೊಬ್ಬರಿದ್ದರು. ಲಿಫ್ಟಿನಲ್ಲಿ ಅವರ ಬಾಯಲ್ಲಿ ಕನ್ನಡ ಕೇಳಿದ ದಿನ ಅಪ್ಪಿಕೊಳ್ಳುವುದೊಂದು ಬಾಕಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಕ್ಕ ಎಂದೆ. ಅವರ ಮನೆಯಲ್ಲಿ ಗಂಡ, ಅತ್ತೆ. ನಮ್ಮ ಮನೆಗೆ ಎರಡು ಸಲ ಬಂದಿದ್ದರು. ಚಹಾ ಮಾಡುತ್ತೇನೆಂದರೆ "ಈಗ ತಾನೇ ಕುಡಿದೆ" ಎನ್ನುತ್ತಿದ್ದರು. ನಾನು ನಿಜವೆಂದೇ ನಂಬಿದ್ದೆ. ಊಟಕ್ಕೆ ಕರೆಯಲು ಹೋದಾಗ ಅತ್ತೆ ಒಳಗಿನಿಂದಲೇ ಕೇಳಿದರು, "ನೀವು ಯಾವ ಪೈಕಿ?"

"ಬೌದ್ಧರು ರೀ."

"ಅಂದ್ರೆ?"

"ಅಂದ್ರ ಅದೇ ರೀ."

ಅವರಿಗೆ ಅರ್ಥವಾಯಿತು. ಅರ್ಥವಾಯಿತೆಂಬುದು ನನಗೂ ಅರ್ಥವಾಯಿತು. ಹಬ್ಬದ ದಿನ ಅವರ ಮನೆಯಲ್ಲಿ ಮೂವರಿಗೂ ಒಟ್ಟಿಗೇ ಹೊಟ್ಟೆ ಕೆಟ್ಟಿತು. ಹೊಲದ ಅಳತೆಯಲ್ಲಿ ಹದಿನೈದು ಜನಕ್ಕಾಗುವಷ್ಟು ಮಾಡಿದ್ದ ಭಜ್ಜಿಯನ್ನು ನಾನೂ ನನ್ನ ಗಂಡನೂ ನಾಲ್ಕು ದಿನ ಉಂಡೆವು. ಸಂಜೆ ಅಪ್ಪನ ಫೋನು ಬಂದಾಗ ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

"ಇಪ್ಪತ್ತ್ ಮಂದಿ ಅಪ್ಪಾ."

"ಇಪ್ಪತ್ತ್! ಒಂದ ಸಾಲಿನಾಗ?"

"ಹೂಂ, ಒಂದ ಸಾಲಿನಾಗ."

ಅಪ್ಪ ಅದನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಔರಾದ ಬಸ್‌ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ಕೂತು ಹೇಳಿದನಂತೆ. ಊರು ಬಿಟ್ಟರೂ ಜಾತಿ ಬಿಡುವುದಿಲ್ಲ ಎಂದು ವಾದ ಮಾಡುತ್ತಿದ್ದ ಗೆಳೆಯರಿಗೆ, "ಶಾರ್ಜಾದಾಗ ನನ್ನ ಮಗಳ ಮನ್ಯಾಗ ಇಪ್ಪತ್ತ್ ಮಂದಿ ಒಂದ ಸಾಲಿನಾಗ ಕುಂತ ಉಂಡಾರ, ನಿಮಗೇನ್ ಗೊತ್ತು" ಎಂದನಂತೆ. ಇದನ್ನು ನನ್ನ ಅಣ್ಣ ಫೋನಿನಲ್ಲಿ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ನನ್ನ ಸುಳ್ಳು ಅಪ್ಪನ ಕೈಯಲ್ಲಿ ಸಾಕ್ಷಿಯಾಗಿತ್ತು.

ಮುಂದಿನ ವರ್ಷವೂ ಮಳೆ ಬರಲಿಲ್ಲ. ಮಳೆ ಹೇಗೆ ಬರುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಆದರೂ ಒಂದೊಂದು ಮಧ್ಯಾಹ್ನ ಬಟ್ಟೆ ಮಡಚುತ್ತಾ ಕೂತಾಗ, ಉಣ್ಣದವರನ್ನು ಉಂಡರೆಂದು ಹೇಳಿದ್ದಕ್ಕೆ ಹೀಗಾಯಿತೇ ಎಂದು ಯೋಚಿಸಿದ್ದುಂಟು. ಅಂಥ ಯೋಚನೆಯನ್ನು ಬಾಯಿಬಿಟ್ಟು ಹೇಳಿದರೆ ಮೊದಲು ಬೈಯುವವನು ಅಪ್ಪನೇ. ಆದರೆ ಒಂದು ಮಾತ್ರ ಗಟ್ಟಿ ಮಾಡಿಕೊಂಡೆ. ಈ ವರ್ಷ ಅಪ್ಪನಿಗೆ ನಿಜವಾದ ಸಂಖ್ಯೆ ಹೇಳಬೇಕು. ಮತ್ತು ಅದು ಸೊನ್ನೆಯಾಗಿರಬಾರದು. ಸೊನ್ನೆ ಎಂದರೆ ಚಹಾದ ಹೋಟೆಲಿನವರು ಗೆದ್ದಂತೆ.

ಆ ಸಲ ಅಮಾವಾಸ್ಯೆ ಶುಕ್ರವಾರ ಬಿತ್ತು. ಅಲ್ಲಿ ಆಗ ಅದು ರಜೆಯ ದಿನ. ಹಿಂದಿನ ದಿನವೇ ಅಂಬಲಿ ಹುಳಿಗೆ ಇಟ್ಟಿದ್ದೆ. ನಸುಕಿನಲ್ಲಿ ಎದ್ದು ಸಜ್ಜೆ ರೊಟ್ಟಿ ಬಡಿದೆ. ಹಸಿ ತೊಗರಿ ಸಿಗದೆ ಫ್ರಿಜ್ಜಿನ ಬಟಾಣಿಯನ್ನೇ ಹೆಚ್ಚು ಹಾಕಿದ ಭಜ್ಜಿ. ಪಡಸಾಲೆಯ ಸೋಫಾ ಎತ್ತಿ ಕೋಣೆಗೆ ಹಾಕಿ, ಈ ಗೋಡೆಯಿಂದ ಆ ಗೋಡೆಗೆ ಒಂದೇ ಉದ್ದ ಜಮಖಾನೆ ಹಾಸಿದೆ. ಏ.ಸಿ. ಆರಿಸಿ ಬಾಗಿಲು ಪೂರಾ ತೆರೆದೆ. ಆಮೇಲೆ ಲಿಫ್ಟಿನ ಎದುರು ಹೋಗಿ ನಿಂತೆ.

"ಏನ್ ಮಾಡ್ಲಾಕತ್ತಿ?" ಎಂದರು ಗಂಡ.

"ಬದುವಿನ ಮ್ಯಾಲ ನಿಂತೀನಿ."

ಅವರು ತಲೆ ಚಚ್ಚಿಕೊಂಡರು. ಆದರೆ ಒಳಗೆ ಹೋಗಿ ತಮ್ಮ ಕೆಲಸದ ಇಬ್ಬರು ಜೊತೆಗಾರರಿಗೆ ಫೋನು ಮಾಡಿದರು. ಹೆಸರು ಹಿಡಿದು ಕರೆದದ್ದು ಅವರು, ನಾನಲ್ಲ.

ಲಿಫ್ಟಿನಿಂದ ಮೊದಲು ಇಳಿದವನು ಇಸ್ತ್ರಿ ಅಂಗಡಿಯವನು, ತೋಳಿನ ಮೇಲೆ ಯಾರದೋ ಅಂಗಿಗಳು. "ಬರ್ರಿ, ಉಂಡ ಹೋಗ್ರಿ" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ನಮ್ಮ ಬೀದರಿನ ಉರ್ದುವಿನಲ್ಲಿ ಕೂಗಿದೆ. ಅವನು ಒಳಗೆ ಇಣುಕಿ, ಜಮಖಾನೆ ನೋಡಿ, ತಿಂಗಳಿಗೆ ಎಷ್ಟು ಎಂದು ಕೇಳಿದ. ನಾನು ಮೆಸ್ ತೆರೆದಿದ್ದೇನೆಂದು ತಿಳಿದಿದ್ದ. ದುಡ್ಡಿಲ್ಲ ಎಂದರೆ ಮೊದಲ ದಿನ ಪುಕ್ಕಟೆ ಇರಬೇಕೆಂದು ಕೂತು ಉಂಡ. ಹೋಗಿ ಕೆಳಗೆ ಸುದ್ದಿಯನ್ನೂ ಹಾಗೆಯೇ ಹೇಳಿದ. ಹತ್ತು ನಿಮಿಷದಲ್ಲಿ ವಾಚ್‌ಮನ್ ಮೇಲೆ ಬಂದ. ಸಿಂಧ್ ಕಡೆಯವನು, ಎತ್ತರದ ಆಳು, ಬಿಲ್ಡಿಂಗಿನಲ್ಲಿ ಮಕ್ಕಳಿಂದ ಹಿಡಿದು ಮಾಲೀಕನವರೆಗೆ ಎಲ್ಲರೂ ಅವನಿಗೆ ಹೆದರುತ್ತಿದ್ದರು. ಇಲ್ಲಿ ಮೆಸ್ ನಡೆಸುವುದು ಮನಾ ಇದೆ, ಮಾಲೀಕರಿಗೆ ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಾರೆ ಎಂದ.

"ಮೆಸ್ ನಹೀಂ ಭಾಯಿ, ಹಮಾರೆ ಖೇತ್ ಕಾ ಖಾನಾ ಹೈ. ಪೈಸಾ ನಕ್ಕೋ, ಬೈಠ್‌ಕೋ ಖಾವೋ" ಎಂದೆ. ಮೆಸ್ ಅಲ್ಲ, ನಮ್ಮ ಹೊಲದ ಊಟ, ದುಡ್ಡು ಬೇಡ, ಕೂತು ಉಣ್ಣು.

ಅವನು ಪಡಸಾಲೆಯನ್ನು ಒಂದು ಸುತ್ತು ನೋಡಿ, ಹೊಲ ಎಲ್ಲಿದೆ ಎಂದು ಕೇಳಿದ. ಕುಹಕವಲ್ಲ, ನಿಜವಾಗಿಯೇ ಕೇಳಿದ. ನಾನು ತಟ್ಟೆಯಲ್ಲಿದ್ದ ರೊಟ್ಟಿ ತೋರಿಸಿದೆ. ಅವನು ಬಗ್ಗಿ ಒಂದು ಚೂರು ಮುರಿದು ಮೂಸಿದ, ಬಾಜ್ರಾ ಎಂದ. ಅವನ ಊರಲ್ಲೂ ಮಳೆ ಕಡಿಮೆ, ಅದನ್ನೇ ಬೆಳೆಯುತ್ತಾರಂತೆ. ಚಪ್ಪಲಿ ಬಿಟ್ಟು ಕೂತವನು ಐದು ರೊಟ್ಟಿ ಉಂಡ. ಆಮೇಲೆ ತಾನೇ ಎದ್ದು ಎದುರು ಮನೆಯ ನರ್ಸುಗಳ ಬಾಗಿಲು ಬಡಿದ. ಅವನೇ ಬಡಿದರೆ ಯಾರು ತೆರೆಯುವುದಿಲ್ಲ? ಹೀಗೆ ಆ ಇಬ್ಬರು ಬಂದರು. ಬಾಗಿಲು ತೆರೆದದ್ದು ನೋಡಿ ಕೇರಳದ ಗಂಡಹೆಂಡತಿ ಬಂದರು. ಗ್ಯಾಸ್ ಸಿಲಿಂಡರ್ ತಂದವನು ಕೂತ. ಗಂಡನ ಜೊತೆಗಾರರಿಬ್ಬರು ಬಂದರು. ನಾನು ಬಡಿಸುತ್ತಾ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಒಂಬತ್ತು. ಅಂಬಲಿ ಕುಡಿದ ನರ್ಸಮ್ಮ ಮುಖ ಹುಳ್ಳಗೆ ಮಾಡಿದಾಗ ಎಲ್ಲರೂ ನಕ್ಕರು, ನಾನು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆ. ಆ ಮನೆಗೆ ಬಂದು ಒಂದೂವರೆ ವರ್ಷದ ಮೇಲೆ ಅವತ್ತು ಅದು ನನ್ನ ಮನೆ ಎನಿಸಿತು.

ಆಗಲೇ ಎರಡನೇ ಮಹಡಿಯ ಅಕ್ಕ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ.

ಹೊಸ್ತಿಲ ಆಚೆಯೇ ನಿಂತು ಮೆಲ್ಲಗೆ ಹೇಳಿದರು, "ವಾಚ್‌ಮನ್ ಹೇಳ್ದ, ಹಬ್ಬ ಅಂತ. ಕೂತು ಊಟ ಮಾಡೋಕಾಗಲ್ಲ, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಸ್ವಲ್ಪ ಹಾಕ್ಕೊಡಿ."

ನನ್ನ ಕೈಯಲ್ಲಿ ಸೌಟಿತ್ತು. ಅವರು ಆ ಡಬ್ಬಿಯನ್ನು ಹೊಸ್ತಿಲ ಮೇಲೆ ಗಾಳಿಯಲ್ಲಿ ಹಿಡಿದ ರೀತಿ ನೋಡಿದೆ. ನಾನೆಂದೂ ನೋಡದ ಅಜ್ಜನ ಧೋತರದ ಸೆರಗು ಕಣ್ಣ ಮುಂದೆ ಬಂತು. ಈಗ ಮೇಲಿನಿಂದ ಹಾಕಬೇಕಾದವಳು ನಾನು, ಆದರೂ ಕೆಳಗೆ ನಿಂತವಳೂ ನಾನೇ. ಇದೆಂಥ ನ್ಯಾಯ ಎಂದು ಮೈ ಉರಿಯಿತು.

"ನಮ್ಮಲ್ಲಿ ಇವತ್ತ ಕಟ್ಟಿ ಕೊಡೂದಿಲ್ರಿ ಅಕ್ಕಾ. ಕುಂತ ಉಣ್ರಿ. ಆಗೂದಿಲ್ಲಂದ್ರ ಬ್ಯಾಡ್ರಿ."

ಸಾಲಿನಲ್ಲಿ ಕೂತವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಎಲ್ಲರ ಕೈಯೂ ತಟ್ಟೆಯಲ್ಲಿ ನಿಂತಿತು. ಅಕ್ಕನ ಮುಖ ಕೆಂಪಾಯಿತು. ಡಬ್ಬಿಯ ಮುಚ್ಚಳ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಲಿಫ್ಟಿಗೂ ಕಾಯಲಿಲ್ಲ.

ಎಲ್ಲರೂ ಹೋದ ಮೇಲೆ, ಅಪ್ಪನ ಫೋನಿಗೆ ಕಾಯದೆ ನಾನೇ ಮಾಡಿದೆ. ಅವನು ಇನ್ನೂ ಹೊಲದಲ್ಲಿದ್ದ. ಆ ವರ್ಷ ಹೊಲದಲ್ಲಿ ಒಂದು ಹಸಿರು ಕಡ್ಡಿ ಇರಲಿಲ್ಲ. ಆದರೂ ಒಣ ಮಣ್ಣಿನ ಮೇಲೆ ಚಾದರ ಹಾಸಿ ರೇಶನ್ ಅಕ್ಕಿಯ ಅನ್ನ ಮಾಡಿ ಹದಿನಾರು ಮಂದಿಗೆ ಉಣಿಸಿದ್ದ. ನಾನು ಮೊದಲು ಹೋದ ವರ್ಷದ ಇಪ್ಪತ್ತರ ನಿಜ ಹೇಳಿದೆ.

"ಈಗ ಔರಾದದಾಗ ಯಾರಾರಿಗಂತ ತಿದ್ದಿ ಹೇಳ್ಲಿ?" ಎಂದ. ಅಷ್ಟೇ. ನನಗೆ ಬೈದಿದ್ದರೆ ವಾಸಿ ಇತ್ತು.

ಆಮೇಲೆ ಒಂಬತ್ತರ ವಿಷಯ ಹೇಳಿದೆ, ಯಾರು ಯಾರು ಎಂದು ಒಬ್ಬೊಬ್ಬರನ್ನೂ ಕೇಳಿ ತಿಳಿದುಕೊಂಡ. ಕೊನೆಗೆ ಡಬ್ಬಿಯ ವಿಷಯವನ್ನೂ ಹೇಳಿದೆ. ಶಹಬ್ಬಾಸ್ ಎನ್ನುತ್ತಾನೆಂದು ಕಾದೆ. ಅವನ ಕಾನೂನನ್ನು ಅವನಿಗಿಂತ ಗಟ್ಟಿಯಾಗಿ ಪಾಲಿಸಿದ್ದೆ.

"ಅವ್ವಾ, ನಮ್ಮಪ್ಪನ್ನ ಅವರು ಬದುವಿನ ಆಚಿ ನಿಂದ್ರಿಸಿದ್ರು ಖರೆ" ಎಂದ ಅಪ್ಪ. "ಆದ್ರ ಬರೇ ಕೈಲೆ ಕಳಿಸಿದ್ದಿಲ್ಲ."

ನನಗೆ ಎಂಥ ಸಿಟ್ಟು ಬಂತೆಂದರೆ ಫೋನು ಇಟ್ಟುಬಿಟ್ಟೆ. ಅವಮಾನ ನಮಗಾದದ್ದು, ಅಪ್ಪನ ಮರುಕ ಮಾತ್ರ ಅವರಿಗೇ? ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕಿದೆ. ಗಂಡ ಪಡಸಾಲೆಗೆ ಸೋಫಾ ಎಳೆಯುವ ನೆಪ ಮಾಡಿಕೊಂಡು ದೂರ ಉಳಿದರು. ನಾನೂ ಇನ್ನೂ ಉಂಡಿರಲಿಲ್ಲ. ತಟ್ಟೆಗೆ ಬಡಿಸಿಕೊಂಡೆ. ಒಂದು ತುತ್ತು ಮುರಿದೆ. ಬಾಯಿಗೆ ಹೋಗಲಿಲ್ಲ. ಅಕ್ಕ ಅತ್ತೆಗೆ ಏನು ಸುಳ್ಳು ಹೇಳಿ ಆ ಡಬ್ಬಿ ತಂದಿದ್ದರೋ ಎಂಬ ಯೋಚನೆ ಆಗ ಬಂತು. ಎದ್ದೆ, ಇನ್ನೊಂದು ತಟ್ಟೆಗೆ ಬಡಿಸಿದೆ, ಎರಡೂ ಹಿಡಿದು ಮೆಟ್ಟಿಲಿಳಿದೆ. ಡಬ್ಬಿಗೆ ಮಾತ್ರ ಹಾಕಲಿಲ್ಲ. ತಟ್ಟೆ ಎಂದರೆ ತಟ್ಟೆ.

ಮೊಣಕೈಯಿಂದ ಕರೆಗಂಟೆ ಒತ್ತಿದೆ. ಬಾಗಿಲು ತೆರೆದವರು ಅಕ್ಕನೇ. ಒಳಗೆ ಟಿ.ವಿ. ಸದ್ದು, ಅತ್ತೆಯ ಕೆಮ್ಮು.

"ನಾನೂ ಉಂಡಿಲ್ರಿ" ಎಂದೆ. "ಕಟ್ಟಿ ಕೊಡೂದಿಲ್ಲಂದಿದ್ದೆ, ಕಟ್ಟಿ ತಂದಿಲ್ಲ. ನಿಮ್ಮ ಜೋಡಿ ಉಣ್ಣಾಕ ಬಂದೀನಿ."

ಅವರು ನನ್ನನ್ನು ನೋಡಿದರು, ಹಿಂತಿರುಗಿ ಒಳಗೆ ನೋಡಿದರು. ಒಳಗೆ ಬನ್ನಿ ಎನ್ನಲಿಲ್ಲ. ಹೊರಗೆ ಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡರು. ಮೆಟ್ಟಿಲ ತಿರುವಿಗೆ ಹೋಗಿ ಕೂತೆವು. ಮೆಟ್ಟಿಲು ಇಬ್ಬರಿಗೆ ಸಾಲದಷ್ಟು ಕಿರಿದು, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತಿತ್ತು. ಅಕ್ಕ ಬೇಗ ಬೇಗ ಉಂಡರು, ಬಾಗಿಲ ಕಡೆ ಕಿವಿಯಿಟ್ಟು. ತಟ್ಟೆಯಲ್ಲಿ ಒಂದು ಕಾಳು ಬಿಡಲಿಲ್ಲ. ಬಾಯಲ್ಲಿ ತುತ್ತಿರುವಾಗಲೇ "ತುಂಬಾ ಚೆನ್ನಾಗಿದೆ" ಎಂದರು. ಕಣ್ಣಲ್ಲಿ ನೀರಿತ್ತು. ಖಾರ ಹೆಚ್ಚಾಗಿತ್ತೋ ಏನೋ, ನಾನು ಕೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದರು, "ನಮ್ಮನೇಲಿ ಯಾರಿಗೂ ಹೇಳ್ಬೇಡಿ."

ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಆ ಹೆಣ್ಣುಮಗಳ ಮೇಲೆ ಅಲ್ಲ. ಹೇಳುವುದಿಲ್ಲ ಎಂದು ಎರಡು ಖಾಲಿ ತಟ್ಟೆ ಹಿಡಿದು ಮೂರು ಮಹಡಿ ಹತ್ತಿದೆ.

ಅಪ್ಪನಿಗೆ ಮತ್ತೆ ಫೋನು ಮಾಡಿದೆ.

"ಒಂಬತ್ತೂವರಿ" ಎಂದೆ.

"ಅರ್ಧಾ ಮನಶ್ಯಾ ಹ್ಯಾಂಗ ಉಣ್ತಾನವಾ?"

ಹೇಳಿದೆ. ಬಾಗಿಲು ಎಳೆದುಕೊಂಡದ್ದು, ಮೆಟ್ಟಿಲು, ಯಾರಿಗೂ ಹೇಳಬೇಡಿ ಎಂದದ್ದು, ಎಲ್ಲ. ಫೋನಿನಲ್ಲಿ 'ಸುಂಯ್' ಎಂದು ಬಯಲಿನ ಗಾಳಿ ಬೀಸುತ್ತಿತ್ತು.

"ನಮ್ಮಪ್ಪ ದುಡೀತಿದ್ದ ಹೊಲದವರ ಮಗ ಒಬ್ಬ ಇದ್ದ. ಯಾರೂ ಇಲ್ಲದಾಗ ಬಂದು ನಮ್ಮಪ್ಪನ ಬುತ್ತಿಯಾಗ ಕೈ ಹಾಕಿ ಉಣ್ತಿದ್ದ, ಯಾರಿಗೂ ಹೇಳಬ್ಯಾಡ ಅಂತಿದ್ದ. ನಮ್ಮಪ್ಪ ಸಾಯೂತನಕ ಅದನ್ನ ದೊಡ್ಡದು ಮಾಡಿ ನನ್ನ ಮುಂದ ಹೇಳಿದ. ಅವನು ಅದನ್ನ ಪೂರಾ ಒಂದು ಅಂತ ಹಿಡೀತಿದ್ದ." ಆಮೇಲೆ ಅಪ್ಪ ಹೇಳಿದ, "ನೀ ಅರ್ಧಾ ಹಿಡದಿ. ಚಲೋ ಆಯ್ತವಾ."